ಗುಂಡಿ ಗುಮಾಸ್ತ

ಹೆಂಡತಿ ಅಂಗಿಯ ಮೂರನೆಯ ಗುಂಡಿ ಹೊಲಿದು, ದಾರವನ್ನು ಹಲ್ಲಿನಿಂದ ಕಡಿದು, ಗಂಡನ ಹೆಣಕ್ಕೆ ತೊಡಿಸಲು ತಂಗಿಯ ಕೈಗೆ ಕೊಟ್ಟಳು. ಬಾಗಿಲಾಚೆ ಕಚೇರಿಯವರು ನಿಂತಿದ್ದರು.

"ಬದುಕಿದಷ್ಟು ದಿನ ಗುಂಡಿ ಮಾಡಿದ, ಈಗ ಗುಂಡಿಗೇ ಹೊರಟ," ಎಂದ ಉಗ್ರಾಣದವನು.

"ಮೆಲ್ಲಗೆ ಮಾರಾಯ, ಅತ್ತಿಗೆ ಕೇಳಿಸ್ಕೋತಾರೆ," ಎಂದ ಇನ್ನೊಬ್ಬ.

ಅವಳಿಗೆ ಕೇಳಿಸಿತ್ತು.

*

ಕಚೇರಿಗೆ ಯೂನಿಕ್ಸ್ ಎಂಬ ಕಂಪ್ಯೂಟರ್ ಯಂತ್ರ ಬಂದಾಗ ಅದರಲ್ಲಿದ್ದದ್ದು ಬರೀ ಕಪ್ಪು ಪರದೆ. ಪ್ರತಿ ಆಜ್ಞೆಯನ್ನೂ ತಪ್ಪಿಲ್ಲದೆ ಟೈಪು ಮಾಡಬೇಕು. ಜನ ಬರೀ ಗುಂಡಿ ಒತ್ತಿದರೆ ಸಾಕಾಗುವಂಥ ಕಿಟಕಿಗಳನ್ನು ಪರದೆಯ ಮೇಲೆ ಮೂಡಿಸಬೇಕೆಂದು, ದಾಖಲೆ ಗುಮಾಸ್ತನಾಗಿದ್ದ ಅವಳ ಗಂಡ ನಲವತ್ತಾರನೆಯ ವಯಸ್ಸಿನಲ್ಲಿ ಪ್ರೋಗ್ರಾಂ ಬರೆಯುವುದನ್ನು ಕಲಿಯಲು ಕೂತ. ಮೊದಲ ಕಿಟಕಿ ಕಣ್ಣು ಮಿಟುಕಿಸುವಷ್ಟರಲ್ಲಿ ಮಾಯವಾಯಿತು.

"ನನ್ನ ಕಣ್ಣೇ ಹೋಗಿದೆ ಕಣೇ," ಎಂದು ಎರಡು ಸಲ ಕನ್ನಡಕ ಬದಲಿಸಿದ.

ಹೋಗಿದ್ದು ಕಣ್ಣಲ್ಲ, ಕೊನೆಯ ಒಂದು ಸಾಲು. 'ಯಾರಾದರೂ ಒತ್ತುವವರೆಗೆ ಕಾದಿರು' ಎಂದು ಕಿಟಕಿಗೆ ಹೇಳುವುದನ್ನೇ ಆತ ಮರೆತಿದ್ದ. ಗೊತ್ತಾದ ದಿನ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ವರ್ಷದೊಳಗೆ ಇಡೀ ಕಚೇರಿ ಅವನ ಗುಂಡಿಗಳನ್ನೇ ಒತ್ತುತ್ತಿತ್ತು.

ಪ್ರೋಗ್ರಾಂ ವಿಭಾಗಕ್ಕೆ ಹಾಕಿಕೊಳ್ಳಿ ಎಂದು ಮೇಲಿನ ಕಚೇರಿಗೆ ಅರ್ಜಿ ಬರೆದು ಸಾಹೇಬರ ಕೈಗೆ ಕೊಟ್ಟ. ತಿಂಗಳ ಮೇಲೆ ಅವರು, "ನೀನು ಲಾಯಕ್ಕಿಲ್ಲ ಅಂದ್ರಪ್ಪ ಮೇಲಿನವರು," ಎಂದರು. ಅಂದಿನಿಂದ ಆತ ಪ್ರೋಗ್ರಾಂ ಪುಸ್ತಕ ಬಿಚ್ಚಲಿಲ್ಲ.

*

ಸಾಹೇಬರು ಒಳಗೆ ಬಂದಾಗ ಹೆಂಡತಿ ಎದ್ದು ನಿಂತಳು.

"ಸಾರ್, ಒಂದು ಮಾತು. ಇವರಲ್ಲಿ ಏನು ಕಮ್ಮಿ ಅಂತ ಬೇಡ ಅಂದ್ರು? ಹನ್ನೊಂದು ವರ್ಷ ಅದನ್ನೇ ಯೋಚಿಸಿ ಸವೆದರು."

"ಯಾರೂ ಬೇಡ ಅನ್ನಲಿಲ್ಲಮ್ಮ." ಸಾಹೇಬರು ಚೀಲದಿಂದ ಲಕೋಟೆ ತೆಗೆದರು. "ಅರ್ಜಿ ನನ್ನ ಮೇಜಲ್ಲೇ ಇತ್ತು. ಇವನು ಹೋಗಿಬಿಟ್ಟಿದ್ರೆ ನಮ್ಮ ಪರದೆ ಕೆಟ್ಟಾಗ ನೋಡೋರು ಯಾರು, ನೀವೇ ಹೇಳಿ."

ಅವಳು ಲಕೋಟೆಯ ಮೇಲಿದ್ದ ಗಂಡನ ಅಕ್ಷರ ನೋಡಿದಳು.

"ಮುಂದಿನ ವಾರ ನನ್ನ ನಿವೃತ್ತಿ. ಬಾಕಿ ಕಾಗದ ಉಳಿಸಿ ಹೋಗೋ ಹಾಗಿಲ್ಲ." ಅವರು ಉಗ್ರಾಣದವನನ್ನು ಕರೆದರು. "ಸ್ವಲ್ಪ ಬಗ್ಗಯ್ಯ." ಅವನ ಬೆನ್ನ ಮೇಲೆ ಅರ್ಜಿ ಹರಡಿ, 'ಅತ್ಯಂತ ಸಮರ್ಥರು, ಕೂಡಲೇ ವರ್ಗಾಯಿಸಬಹುದು' ಎಂದು ಬರೆದು, ಅಂದಿನ ತಾರೀಖು ಹಾಕಿದರು.

"ಅದನ್ನ ನನಗೆ ಕೊಡಿ," ಎಂದು ಅವಳು ಕೈ ಚಾಚಿದಳು.

"ಕೊಡೋಕೆ ಬರಲ್ಲಮ್ಮ. ಕಚೇರಿ ಕಾಗದ."

ಹೆಣ ಎತ್ತಿದರು. ಸಾಹೇಬರು ಮುಂದೆ ನಡೆದರು. ಬೀದಿಯ ತಿರುವಿನಲ್ಲಿ ಅಂಚೆ ಡಬ್ಬಿ ಕಂಡಾಗ ಲಕೋಟೆಯ ಅಂಚನ್ನು ನಾಲಿಗೆಯಿಂದ ಒದ್ದೆ ಮಾಡಿ ಅಂಟಿಸುತ್ತಾ ರಸ್ತೆ ದಾಟಿದರು. ಹೊತ್ತವರು ಅಷ್ಟು ಹೊತ್ತು ಭಾರವನ್ನು ಹೆಗಲಿಂದ ಹೆಗಲಿಗೆ ಬದಲಿಸುತ್ತಾ ನಿಂತು, ಅವರಿಗೆ ದಾರಿ ಬಿಟ್ಟರು.