ತೊಗರಿ ಖೋಲಿಯ ಪೈಲಟ್

ಗುರುಲಿಂಗಪ್ಪ ಮಸೂತಿಯವರು ಯಾರ ಮನೆಗೂ ನೇರವಾಗಿ ಬರುವುದಿಲ್ಲ. ನಮ್ಮ ಮನೆಗೇ ಬರಲಿ: ಬಾಗಿಲು ತೆರೆದೇ ಇರುತ್ತದೆ, ನಾನು ಕಟ್ಟೆಯ ಮೇಲೆ ಕೂತೇ ಇರುತ್ತೇನೆ, ಆದರೂ ಅವರು ನನ್ನನ್ನೂ ಬಾಗಿಲನ್ನೂ ಎಡಕ್ಕೆ ಬಿಟ್ಟು ಗಂಭೀರವಾಗಿ ಮುಂದೆ ಸಾಗುತ್ತಾರೆ, ಬೇವಿನ ಗಿಡದ ಹತ್ತಿರ ಎಡಕ್ಕೆ ಹೊರಳುತ್ತಾರೆ, ನಲ್ಲಿಯ ಹತ್ತಿರ ಮತ್ತೊಮ್ಮೆ ಎಡಕ್ಕೆ ಹೊರಳಿ, ಮೈಯನ್ನು ನೆಟ್ಟಗೆ ಮಾಡಿಕೊಂಡು, ಎರಡೂ ಕೈಗಳನ್ನು ತುಸು ಅಗಲಿಸಿ, ನಡಿಗೆ ತಗ್ಗಿಸುತ್ತ ಹೊಸ್ತಿಲಿಗೆ ಗುರಿಯಿಟ್ಟು ಬರುತ್ತಾರೆ. ಹೊಸ್ತಿಲು ದಾಟುವ ಗಳಿಗೆಯಲ್ಲಿ ಮೋರೆ ಸ್ವಲ್ಪ ಮೇಲೇಳುತ್ತದೆ. ಮೊದಲ ಸಲ ಇದನ್ನು ಕಂಡ ನನ್ನ ಹೆಂಡತಿ ಅವರಿಗೆ ಬಿ.ಪಿ. ಏರಿದೆಯೆಂದು ನಿಂಬೆಹಣ್ಣಿನ ಶರಬತ್ತು ಮಾಡಿ ತಂದಳು. ಅವರು ಅದನ್ನು ಸಂತೋಷವಾಗಿ ಕುಡಿದು ಹೇಳಿದರು: "ಗಾಳಿ ಪಡುವಲದಿಂದ ಐತ್ರಿ ಮಾಸ್ತರ. ಅದಕ್ಕ ಈ ಕಡಿಂದ ಇಳದೆ."

ಹೌದು, ಈ ಮನುಷ್ಯ ವಿಮಾನ ಹಾರಿಸುತ್ತಾರೆ. ನೂರೆಂಬತ್ತು ಜನ ಹಿಡಿಸುವ ದೊಡ್ಡ ವಿಮಾನ. ಸಿಂದಗಿಯಲ್ಲಿ, ತಮ್ಮ ಮನೆಯಲ್ಲಿ ತೊಗರಿ ಚೀಲ ಒಟ್ಟುವ ಖೋಲಿಯಲ್ಲಿ, ಕುರ್ಚಿಯಿಂದ ಏಳದೆ.

ಅವರನ್ನು ಅರಿಯಬೇಕಾದರೆ ಮೊದಲು ಅವರ 'ಹೂಂ' ಅರಿಯಬೇಕು. ಮಾರುಕಟ್ಟೆಯಲ್ಲಿ ರೈತರ ಕಾಳು ಮಾರಿಸಿಕೊಡುವ ತಮ್ಮ ಅಡತಿ ಅಂಗಡಿಯಲ್ಲಿ ಅರ್ಧ ಆಯುಷ್ಯ ಕೂತು, ತೊಗರಿಯನ್ನು ಅಂಗೈಯಲ್ಲಿ ಹೊರಳಿಸಿ ಅದು ಯಾವ ಹೊಲದ್ದೆಂದು ಹೇಳುತ್ತ ಬಂದ ಅವರಿಗೆ ಮಾತಿನ ಅಗತ್ಯ ಹೆಚ್ಚಾಗಿ ಬೀಳಲಿಲ್ಲ. ಅವರ ಒಂದು ಹೂಂಗೆ ಜಗಳ ನಿಲ್ಲುತ್ತಿತ್ತು, ಇನ್ನೊಂದು ಹೂಂಗೆ ಚಹಾ ಬರುತ್ತಿತ್ತು. ಮನೆಯಲ್ಲಂತೂ ಅವರ ಹೂಂ ಮೇಲೆ ಮತ್ತೊಂದು ಸ್ವರ ಹುಟ್ಟಿದ್ದನ್ನು ಯಾರೂ ಕೇಳಿಲ್ಲ. ಒಮ್ಮೆ ಅವರು ತಮ್ಮ ಕಂದು ಉಣ್ಣೆ ಕೋಟನ್ನು ಒಳಮೈ ಹೊರಗಾಗಿ ತೊಟ್ಟು ಇಡೀ ದಿನ ಊರಲ್ಲಿ ತಿರುಗಿದರು. ಮನೆಯವರು ನೋಡಿದರು, ಹಮಾಲರು ನೋಡಿದರು, ಬ್ಯಾಂಕಿನ ಮ್ಯಾನೇಜರೂ ನೋಡಿದ. ಇಷ್ಟು ದೊಡ್ಡ ಮನುಷ್ಯ ಕಾರಣವಿಲ್ಲದೆ ಹಾಗೆ ತೊಡುವರೇ ಎಂದು ಎಲ್ಲರೂ ಸುಮ್ಮನಾದರು. ಮರುದಿನ ಇನ್ನೊಬ್ಬ ವ್ಯಾಪಾರಿ ತಾನೂ ಹಾಗೆಯೇ ತೊಟ್ಟು ಬಂದನೆಂದು ಹೇಳುವವರಿದ್ದಾರೆ. ಅದನ್ನು ನಾನು ಅರ್ಧ ಮಾತ್ರ ನಂಬುತ್ತೇನೆ.

ಅಂಗಡಿ ಮಗನ ಕೈಗೆ ಹೋದ ಮೇಲೆ, ಮಂಡಿನೋವಿಗೆಂದು ಅವರನ್ನು ಕಲಬುರ್ಗಿಯಿಂದ ಬೆಂಗಳೂರಿಗೆ ವಿಮಾನದಲ್ಲಿ ಕರೆದೊಯ್ದರು. ಔಷಧ ಸಿಕ್ಕಿದ್ದು ಮಂಡಿಗೆ, ರೋಗ ಹತ್ತಿದ್ದು ತಲೆಗೆ. ಇಳಿಯುವಾಗ ಬಾಗಿಲಲ್ಲಿ ನಿಂತಿದ್ದ ಪೈಲಟನ್ನು ತಡೆದು, ಹಿಂದಿನ ಸಾಲು ಗೊಣಗಿದರೂ ಲೆಕ್ಕಿಸದೆ, "ಇಷ್ಟ್ ದೊಡ್ಡದನ್ನ ಅಷ್ಟ್ ಸಣ್ಣ ದಾರಿ ಮ್ಯಾಲೆ ಹೆಂಗ ಇಳಸ್ತೀರಿ ತಮ್ಮಾ?" ಎಂದು ಕೇಳಿದರಂತೆ. ಆ ತರುಣ ನಕ್ಕು, "ಕಲಿತರೆ ಬರುತ್ತೆ ಯಜಮಾನ್ರೇ" ಎಂದನಂತೆ. ಇಂಥ ಮಾತನ್ನು ಉಳಿದವರು ಸೌಜನ್ಯವೆಂದು ತಿಳಿದು ಮೆಟ್ಟಿಲಿಳಿಯುತ್ತಾರೆ. ಗುರುಲಿಂಗಪ್ಪನವರು ಅದನ್ನು ಅಪ್ಪಣೆಯೆಂದು ತಿಳಿದರು.

ಹೀಗೆ ತೊಗರಿ ಚೀಲಗಳು ತಾತ್ಕಾಲಿಕವಾಗಿ ಅಂಗಡಿಯ ಗೋದಾಮಿಗೆ ಹೋದವು, ಖೋಲಿಗೆ ಕಂಪ್ಯೂಟರ್ ಬಂತು. ನಿಜವಾದ ವಿಮಾನದ ಒಂದೊಂದು ಗುಂಡಿಯನ್ನೂ ಬಿಡದೆ ಪರದೆಯ ಮೇಲೆ ತಂದಿಡುವ ಸಿಮ್ಯುಲೇಟರ್ ಅದು. ಅದನ್ನು ಜೋಡಿಸಿಕೊಟ್ಟವಳು ಸೊಸೆ ಭುವನೇಶ್ವರಿ, ಕಂಪ್ಯೂಟರ್ ಓದಿದ ಹುಡುಗಿ. ಎಡಗೈಗೆ ಹಿಡಿಕೆ, ಬಲಗೈಗೆ ಇಂಜಿನ್ನಿನ ವೇಗದ ಸನ್ನೆಗೋಲುಗಳು, ಕಾಲಿಗೆ ಪೆಡಲ್ಲು. ಆಯುಧ ಪೂಜೆಯಲ್ಲಿ ಪೆಡಲ್ಲಿನ ಕೆಳಗೆ ಲಿಂಬೆಹಣ್ಣಿಟ್ಟು ತುಳಿದದ್ದರಿಂದ ಅದು ವಾರದವರೆಗೆ ಅಂಟಂಟಾಗಿ, ವಿಮಾನ ಸದಾ ಬಲಕ್ಕೇ ಎಳೆಯುತ್ತಿತ್ತು. ಹಾರುವಾಗ ಅವರು ಅದೇ ಕಂದು ಕೋಟು ತೊಡುತ್ತಾರೆ. ಬರಿದಲೆಯಲ್ಲಿ ದೊಡ್ಡ ಕೆಲಸಕ್ಕೆ ಕೂಡಬಾರದೆಂದು ಬಿಳಿ ಟೊಪ್ಪಿಗೆ ತೆಗೆಯುವುದಿಲ್ಲ. ಹೆಡ್‌ಫೋನು ಅದರ ಮೇಲೆ ಏರಿ ಕೂತು, ಎರಡೂ ಕಿವಿಗಳಿಂದ ಎರಡೆರಡು ಬೆರಳು ದೂರದಲ್ಲಿ ಮಾತಾಡುತ್ತದೆ.

ಇದನ್ನು ಆಟವೆಂದವರಿಗೆ ಆ ಮನೆಯಲ್ಲಿ ಚಹಾ ಇಲ್ಲ. ಆಟದಲ್ಲಿ ಗುಂಡಿ ಒತ್ತಿದರೆ ಹಾರುತ್ತದೆ. ಇವರದು ಹದಿನೈದು ದಿನ ಶುರುವೇ ಆಗಲಿಲ್ಲ. ಶುರುವಾದ ದಿನ ನನ್ನನ್ನು ದಾರಿಯಲ್ಲೇ ಹಿಡಿದು ನಿಲ್ಲಿಸಿದರು. "ಬಾಲದಾಗ ಒಂದ್ ಸಣ್ಣ ಇಂಜಿನ್ ಇರ್ತೈತ್ರಿ ಮಾಸ್ತರ. ಮದಲ ಅದನ್ನ ಎಬ್ಬಸ್ಬೇಕು, ಅದು ದೊಡ್ಡಾವನ್ನ ಎಬ್ಬಸ್ತೈತಿ. ಥೇಟ್ ನಮ್ಮನಿ!" ಇಳಿಯುವ ಮುನ್ನ ವಿಮಾನ ಯಾಕೆ ಮೂಗೆತ್ತುತ್ತದೆ ಎಂಬ ಪ್ರಶ್ನೆ ಹತ್ತಿದಾಗ ಅವರು ಮಾಳಿಗೆ ಏರಿ, ಪ್ಯಾರಾಪೆಟ್ಟಿನ ಮೇಲೆ ಜೋಳ ಚೆಲ್ಲಿ, ಕಾಗೆಗಳು ಇಳಿಯುವುದನ್ನು ನೋಡುತ್ತ ಕೂತರು. ಕಾಗೆ ಕೂತ ಕೂಡಲೇ ಎಬ್ಬಿಸುವುದು, ಮತ್ತೆ ಜೋಳ ಚೆಲ್ಲುವುದು. "ನೋಡ್ರಿ, ನೋಡ್ರಿ, ಎದಿ ಎತ್ತಿ ಗಾಳಿಗೆ ಒಡ್ಡತೈತಿ!" ಸಿಂದಗಿಯ ಆ ಓಣಿಯ ಕಾಗೆಗಳಷ್ಟು ಇಳಿಯುವ ತರಬೇತಿ ಪಡೆದ ಕಾಗೆಗಳು ಜಿಲ್ಲೆಯಲ್ಲಿ ಬೇರೆ ಇರಲಾರವು. ಮುಂಬೈಯಿಂದ ಕಲಬುರ್ಗಿಗೆ ಹಾರುವುದು ಅವರಿಗೆ ಅಚ್ಚುಮೆಚ್ಚು, ದಾರಿಯಲ್ಲಿ ಊರು ಸಿಗುತ್ತದೆಂದು. ಆದರೆ ಪರದೆಯ ಸಿಂದಗಿಯಲ್ಲಿ ಕೆಂಪು ಹೆಂಚಿನ ನಾಲ್ಕು ಮನೆ, ಮೊನಚು ತುದಿಯ ಹತ್ತಾರು ಗಿಡ. "ನಮ್ಮೂರಾಗ ಈ ಗಿಡಾ ಯಾರ ಹಚ್ಯಾರ?" ಎಂದು ಅವರು ಬಹಳ ಹೊತ್ತು ಸುತ್ತು ಹಾಕಿದರು.

ಹಾರಿಸುವುದು ಬಂತು. ಇಳಿಸುವುದು ಬರಲಿಲ್ಲ. ಒಂದು ವಿಮಾನ ರನ್‌ವೇ ದಾಟಿ ಜೋಳದ ಹೊಲಕ್ಕೆ ಹೋಯಿತು, ಒಂದು ರೆಕ್ಕೆ ಮುರಿದುಕೊಂಡಿತು, ಒಂದು ಮೂಗಿನ ಮೇಲೆ ನಿಂತಿತು. ಹೊಸ ತೊಗರಿ ಬರುವ ಕಾಲ ಹತ್ತಿರವಾದಂತೆ ಅವರ ಪತ್ನಿ ಕಸ್ತೂರೆವ್ವನವರು ಖೋಲಿಯ ಬಾಗಿಲಲ್ಲಿ ನಿಂತು ತೀರ್ಪು ಕೊಟ್ಟರು.

"ಎಳ್ಳಮಾಸಿಗೆ ಬೀಗರು ಬರ್ತಾರ. ಅವರ ಮುಂದ ನಿಮ್ಮ ಇಮಾನ ಮುರಿಲಾರ್ದಂಗ ಇಳಸ್ರಿ. ಇಲ್ಲಂದ್ರ ತೊಗರಿ ಚೀಲ ಒಳಗ, ನಿಮ್ಮ ಡಬ್ಬಿ ಹೊರಗ."

"ಹೂಂ" ಎಂದರು ಗುರುಲಿಂಗಪ್ಪನವರು. ಅದು ಆ ಮನೆಯಲ್ಲಿ ಹುಟ್ಟಿದ ಮೊದಲ ಸಣ್ಣ ಹೂಂ.

ಆಗಲೇ ಭುವನೇಶ್ವರಿ ಸಹಪೈಲಟ್ ಆದದ್ದು. ಪಕ್ಕದ ಕುರ್ಚಿಯಲ್ಲಿ ತಲೆಯ ಮೇಲೆ ಸೆರಗೆಳೆದು ಕೂತು, ಮಾವ ಮಾಡಬೇಕಾದ ಕೆಲಸಗಳನ್ನು ಒಂದೊಂದಾಗಿ ಓದುವುದು ಅವಳ ಪಾಲು. ಮಾವ ಹೂಂ ಅನ್ನುವರು, ಸೊಸೆ ಮುಂದಿನದು ಓದುವಳು. ಇದಕ್ಕಿಂತ ಶಿಸ್ತಿನ ಕಾಕ್‌ಪಿಟ್ ಎಲ್ಲಿಯೂ ಇರಲಿಕ್ಕಿಲ್ಲ. ಅಂಥ ಶಿಸ್ತಿನ ವಿಮಾನ ಒಂದು ಮಧ್ಯಾಹ್ನ ಇಂಧನ ಮುಗಿದು ಭೀಮಾ ನದಿಯ ದಂಡೆಗೆ ಬಿತ್ತು. ಮುಂಬೈಯಲ್ಲಿ ಇಂಧನ ತುಂಬಿಸುವುದನ್ನೇ ಯಜಮಾನರು ಮರೆತಿದ್ದರು. ನಾನು ಹೋದಾಗ ವಿಚಾರಣೆ ನಡೆದಿತ್ತು.

"ಮುಳ್ಳು ಕೆಳಗ ಇಳಿಯೂದು ನೀ ನೋಡ್ಲಿಲ್ಲೇನವ್ವಾ?"

"ನೋಡಿದ್ನಿರಿ ಮಾವಾರ."

"ಮತ್ತ ಹೇಳಾಕ ಏನಾಗಿತ್ತು?"

"ನೀವು ಹಿರೇರು. ಹಗರ ಇರ್ಲಿ ಅಂತ ಬೇಕಂತನ ಕಡಿಮಿ ತುಂಬೀರಿ ಅನ್ಕೊಂಡ್ನಿರಿ."

"ಟಿಣ್ ಟಿಣ್ ಅಂತಿತ್ತಲ್ಲ, ಅದು?"

"ಅದು ಇಮಾನದ ಗಂಟೀರಿ. ನೀವು 'ಫೋನ್ ಬಾಜೂಕ ಇಡು' ಅಂದ್ರಿ. ಇಟ್ನಿರಿ."

ಬೇರೆ ಯಜಮಾನರಾಗಿದ್ದರೆ ಸಿಟ್ಟಾಗುತ್ತಿದ್ದರು. ಗುರುಲಿಂಗಪ್ಪನವರಿಗೆ ಹತ್ತಿದ್ದು, ಕಾಗೆಯ ಎದೆ ನೋಡಿದಾಗ ಹತ್ತಿತ್ತಲ್ಲ, ಅದೇ ಕೆಟ್ಟ ಕುತೂಹಲ. ನಿಜವಾದ ವಿಮಾನಗಳಲ್ಲಿಯೂ ಹೀಗಾಗುವುದುಂಟೇ ಎಂದು ಸೊಸೆಯಿಂದಲೇ ಹುಡುಕಿಸಿದರು. ಆಗುವುದುಂಟಂತೆ, ಹಿರಿಯನಿಗೆ ತಪ್ಪೆನ್ನಲು ಕಿರಿಯನ ನಾಲಿಗೆ ಏಳದೆ ವಿಮಾನಗಳು ಬಿದ್ದದ್ದುಂಟಂತೆ. "ಅಂದ್ರ ನಮ್ಮಂಥಾ ಮನಿ ಎಲ್ಲಾ ಕಡೆ ಅದಾವು" ಎಂದು ಅವರು ಆಶ್ಚರ್ಯಪಟ್ಟರು. ಆಮೇಲೆ ಆ ಖೋಲಿಗೆ ಮಾತ್ರ ಅನ್ವಯವಾಗುವ ಕಾಯಿದೆಯೊಂದನ್ನು ಹೊರಡಿಸಿದರು: ಹೊಸ್ತಿಲ ಒಳಗೆ ಕಂಡದ್ದನ್ನು ಕಂಡವರು ಹೇಳತಕ್ಕದ್ದು, ಮಾವ ಸೊಸೆ ಎಂಬುದಿಲ್ಲ. ಕಾಯಿದೆ ಬಂತು, ನಾಲಿಗೆ ಬರಲಿಲ್ಲ. ಭುವನೇಶ್ವರಿ "ಮಾವಾರ, ಒಂದ್ ಮಾತು ಹೇಳ್ಲೇನ್ರಿ?" ಎಂದು ಅಪ್ಪಣೆ ಕೇಳುವಷ್ಟರಲ್ಲಿ ವಿಮಾನ ನೆಲ ಕಾಣುತ್ತಿತ್ತು.

ಎಳ್ಳಮಾವಾಸ್ಯೆಯ ಮರುದಿನ, ಹೋಳಿಗೆ ಊಟದ ಮೇಲೆ, ಖೋಲಿಯಲ್ಲಿ ಜಮಖಾನೆ ಹಾಸಿ ಸಭೆ ಸೇರಿತು. ಇಂಗಳೇಶ್ವರದಿಂದ ಬಂದ ಬೀಗರು ಸಂಗಣ್ಣ, ಅಂದರೆ ಭುವನೇಶ್ವರಿಯ ತಂದೆ, ಗೋಡೆಗೆ ಒರಗಿದರು. ಕಸ್ತೂರೆವ್ವನವರು ಬಾಗಿಲಲ್ಲಿ ನಿಂತರು. ಅವರ ಹಿಂದೆ ಅಂಗಳದಲ್ಲಿ ಹೊಸ ತೊಗರಿಯ ಚೀಲಗಳು ಒಳಗೆ ಬರಲು ತಯಾರಾಗಿ ನಿಂತಿದ್ದವು. ಕ್ಯಾಪ್ಟನ್ನರು ಕೋಟು ಸರಿಮಾಡಿಕೊಂಡು, "ಬೀಗರ, ಬೆಲ್ಟ್ ಬಿಗೀರಿ" ಎಂದರು. ಸಂಗಣ್ಣ ಧೋತರ ಬಿಗಿದರು.

ಆಗ ಯಜಮಾನರು ಒಂದು ಕೆಲಸ ಮಾಡಿದರು. ನೆಲ ಹತ್ತಿರವಾದಾಗ ಎತ್ತರವನ್ನು ಎಣಿಸುವ, ಚಕ್ರ ಇಳಿಸಲು ಮರೆತರೆ ಇಂಗ್ಲಿಷಿನಲ್ಲಿ ಗದರುವ ಒಂದು ಧ್ವನಿ ಆ ವಿಮಾನದಲ್ಲಿದೆ. ಅದನ್ನು ಬಂದ್ ಮಾಡಿಬಿಟ್ಟರು. "ಬೀಗರ ಮುಂದ ಆ ಇಂಗ್ಲಿಷ್ ಮನಷ್ಯಾ ನನ್ನ ಬೈಯೂದು ಚೊಲೊ ಕಾಣೂದಿಲ್ಲ" ಎಂದು ನನ್ನ ಕಿವಿಯಲ್ಲಿ ಹೇಳಿದರು.

ವಿಮಾನ ಮೋಡ ಹರಿದು ಇಳಿಯಿತು. ದೂರದಲ್ಲಿ ಕಲಬುರ್ಗಿಯ ರನ್‌ವೇ ಬೂದು ಪಟ್ಟಿಯಾಗಿ ಕಂಡಿತು. ಯಜಮಾನರ ಕಣ್ಣು ಅದರಲ್ಲಿ ನೆಟ್ಟಿತ್ತು, ಭುವನೇಶ್ವರಿಯ ಕಣ್ಣು ಚಕ್ರ ಇಳಿಸುವ ಹಿಡಿಕೆಯ ಮೇಲೆ ನೆಟ್ಟಿತ್ತು. ಹಿಡಿಕೆ ಮೇಲೇ ಇತ್ತು. ಅವಳು ಮಾವನನ್ನು ನೋಡಿದಳು, ತಂದೆಯನ್ನು ನೋಡಿದಳು, ಮತ್ತೆ ಹಿಡಿಕೆ ನೋಡಿದಳು. ಆ ಹುಡುಗಿಯ ಮುಂದೆ ಆಗ ಎರಡು ಅಪಘಾತಗಳಿದ್ದವು, ಒಂದು ಪರದೆಯ ಮೇಲೆ, ಒಂದು ತವರಿನವರ ಎದುರಿಗೆ. ಬೂದು ಪಟ್ಟಿ ಅಗಲವಾಗುತ್ತ ಬಂತು.

"ಮಾವಾರ, ಗಾಲಿ ಇಳಿಸಿಲ್ರಿ! ಎತ್ರಿ! ಮ್ಯಾಲೆ ಎತ್ರಿ!"

ಸೆರಗು ಜಾರಿತ್ತು. ಸಂಗಣ್ಣ ಎದ್ದು ನಿಂತರು. "ಏ ಭುವನಾ! ಹಿರೇರ ಜೋಡಿ ಹಂಗ ಒದರೂದೇನ? ಇದನ್ನ ಕಲಿಸೇವೇನ ನಿನಗ?"

ಗುರುಲಿಂಗಪ್ಪನವರು ಹೂಂ ಅನ್ನಲಿಲ್ಲ. ಬಲಗೈ ಸನ್ನೆಗೋಲುಗಳನ್ನು ಪೂರ್ತಿ ಮುಂದೆ ತಳ್ಳಿತು, ಎಡಗೈ ಹಿಡಿಕೆ ಎಳೆಯಿತು. ವಿಮಾನ ರನ್‌ವೇಯನ್ನು ಮೂಸಿ ನೋಡಿ ಮತ್ತೆ ಆಕಾಶಕ್ಕೆ ಏರಿತು.

"ಇಳಿಲಿಲ್ಲ ಹಂಗಾರ?" ಎಂದರು ಬಾಗಿಲಿನಿಂದ ಕಸ್ತೂರೆವ್ವ. ಯಜಮಾನರು ಗಾಳಿಯ ನೆವ ಹೇಳಬಹುದಿತ್ತು. ಅಲ್ಲಿದ್ದವರಿಗೆ ಗಾಳಿಯೂ ತಿಳಿಯದು, ಗಾಲಿಯೂ ತಿಳಿಯದು.

"ಗಾಲಿ ನಾ ಮರತಿದ್ದೆ" ಎಂದರು ಅವರು, ಪರದೆಯಿಂದ ಕಣ್ಣು ತೆಗೆಯದೆ. "ಬೀಗರ, ಆಕಿನ್ನ ಬೈಬ್ಯಾಡ್ರಿ. ನಿಮ್ಮ ಮಗಳು ಈಗ ನೂರಾ ಎಂಬತ್ತ ಮಂದೀನ ಉಳಿಸ್ಯಾಳ."

"ಹೌದಾ?" ಸಂಗಣ್ಣ ಮೆಲ್ಲಗೆ ಕೂತರು. "ಯಾರ್ಯಾರ್ರಿ ಅವ್ರು?"

"ಯಾರರೆ ಆಗ್ಲಿ. ಒಳಗ ಕುಂತಾರ." ಆಮೇಲೆ ಸೊಸೆಗೆ: "ಆ ಇಂಗ್ಲಿಷ್ ಮನಷ್ಯಾನ ಬಾಯೂ ಬಿಚ್ಚವ್ವಾ. ಇಬ್ರೂ ಹೇಳ್ರಿ, ನಾ ಕೇಳ್ತೇನಿ."

ಎರಡನೆಯ ಸುತ್ತಿನಲ್ಲಿ ಇಬ್ಬರೂ ಹೇಳಿದರು ನೋಡಿ! ಇಂಗ್ಲಿಷಿನವನು ಎತ್ತರ ಎಣಿಸಿದ. ಭುವನೇಶ್ವರಿ "ಎಡಕ್ಕ ಬರ್ರಿ, ಸಾಕು, ಜೋರಾತು, ಕಡಿಮಿ ಮಾಡ್ರಿ" ಎಂದು, 'ರಿ' ಒಂದನ್ನು ಬಿಟ್ಟು ಉಳಿದೆಲ್ಲ ಮರ್ಯಾದೆಯನ್ನು ಕಿಟಕಿಯಾಚೆ ಎಸೆದಳು. ಚಕ್ರಗಳು ಇಳಿದವು. ವಿಮಾನ ನೆಲಕ್ಕೆ ಬಡಿದು ಜಿಗಿಯಿತು, ಮತ್ತೆ ಬಡಿಯಿತು, ಓಡಿತು, ಒಂದು ಗಾಲಿಯನ್ನು ಹುಲ್ಲಿನಲ್ಲಿಟ್ಟು ನಿಂತಿತು. ಸಂಗಣ್ಣ ಚಪ್ಪಾಳೆ ತಟ್ಟಿ, ಬೀಗರಾಗಿ ಹಾಗೆ ತಟ್ಟಬಹುದೇ ಎಂದು ಸಂಶಯ ಬಂದು ನಿಲ್ಲಿಸಿದರು.

ಕಸ್ತೂರೆವ್ವನವರು ಗಂಡನನ್ನು ಕೇಳಲಿಲ್ಲ. "ಮುರೀತೇನ ಭುವನಾ?"

"ಇಲ್ರಿ ಅತ್ತಿ. ಒಂಚೂರು ಕುಣೀತು, ಮುರಿದಿಲ್ಲ."

"ಹಂಗಾರ ತೊಗರಿ ಪಡಸಾಲ್ಯಾಗ ಒಟ್ಟಸ್ರಿ" ಎಂದು ಹೊರಟವರು ತಿರುಗಿ ನಿಂತು ನನ್ನ ಕಡೆ ನೋಡಿದರು. "ಇವ್ರು ಇನ್ನೊಬ್ಬರ ಮಾತ ಕೇಳೂದು ಈ ಖೋಲ್ಯಾಗ ಮಾತ್ರ ಮಾಸ್ತರ. ಇದನ್ಯಾಕ ಮುಚ್ಚಲಿ?"

ಇಂಥ ಹಿರಿಯರು ಊರಿಗೆ ಒಬ್ಬಿಬ್ಬರು ಇದ್ದೇ ಇರುತ್ತಾರೆ. ಹೇಳಿಯೇ ಬಾಳಿದವರು, ಅವರ ಮೇಲಿನ ಗೌರವವೇ ಸುತ್ತಲಿನ ಬಾಯಿಗಳಿಗೆಲ್ಲ ಬೀಗ ಹಾಕಿರುತ್ತದೆ. ನಾವು ಅವರನ್ನು ಸುಖಿಗಳೆಂದು ತಿಳಿಯುತ್ತೇವೆ. ಅವರಲ್ಲಿ ಕುತೂಹಲ ಇನ್ನೂ ಆರದ ಕೆಲವರು ಇಳಿವಯಸ್ಸಿನಲ್ಲಿ ಇದ್ದಕ್ಕಿದ್ದಂತೆ ಯಾವುದೋ ಕಠಿಣವಾದ, ಕವಡೆಯಷ್ಟೂ ಉಪಯೋಗವಿಲ್ಲದ ವಿದ್ಯೆಗೆ ಬೀಳುತ್ತಾರೆ. ಒಬ್ಬರು ಹಾರ್ಮೋನಿಯಂ ಹಿಡಿಯುತ್ತಾರೆ, ಒಬ್ಬರು ಚದುರಂಗ ಹಾಸುತ್ತಾರೆ, ಒಬ್ಬರು ವಿಮಾನ ಏರುತ್ತಾರೆ. ಮನೆಯವರು ಅದನ್ನು ಅರುವತ್ತರ ಹುಚ್ಚು ಎನ್ನುತ್ತಾರೆ. ನನಗೆ ಕಾಣುವುದಿಷ್ಟು: ತಮ್ಮ ಹಿರಿತನ ಯಾರಿಗೆ ಗೊತ್ತಿಲ್ಲವೋ ಅಂಥದೊಂದನ್ನು ಅವರು ಅರಸಿಕೊಂಡು ಹೋಗುತ್ತಾರೆ. ಹಾರ್ಮೋನಿಯಂ ಯಾರ ಮುಲಾಜಿಗೂ ಸ್ವರ ಬದಲಿಸುವುದಿಲ್ಲ; ವಿಮಾನಕ್ಕೆ ಯಜಮಾನರ ಹೂಂ ಕೇಳಿಸುವುದಿಲ್ಲ. ಆದ್ದರಿಂದ ಯಾರ ಮನೆಗಾದರೂ ಹೋದಾಗ ಪಡಸಾಲೆಯ ತುಂಬ ತೊಗರಿ ಒಟ್ಟಿದ್ದು, ಕಾಲಿಗೆ ಚೀಲ ತಡೆದರೆ, ಗೊಣಗಬೇಡಿ. ಮೆಲ್ಲಗೆ ದಾಟಿರಿ. ಒಳಗಿನ ಖೋಲಿಯಲ್ಲಿ ಒಬ್ಬ ಯಜಮಾನ ಬಹಳ ತಡವಾಗಿ ದೊರೆತ, ಬೈಸಿಕೊಳ್ಳುವ ಸುಖದಲ್ಲಿರುತ್ತಾನೆ.