ನಕ್ಷೆ ವೀರವ್ವ

ಗುದ್ದಲಿಗೆ ಎದ್ದ ಮಣ್ಣನ್ನು ಫಕ್ರುಸಾಬ ಅಂಗೈಯಲ್ಲಿ ಹಿಡಿದು ಹಿಂಡಿದ. ಬೆರಳ ಸಂದಿಯಿಂದ ನೀರು ಜಿನುಗಿತು. ಜೊತೆಗಾರರಿಗೆ ನಿಲ್ಲಲು ಹೇಳಿ, ವೀರವ್ವನ ಹೊಲದಲ್ಲಿ ಅವಳ ಸಮಾಧಿಗೆ ತೋಡುತ್ತಿದ್ದ ಕುಣಿಯಿಂದ ಮೇಲೆ ಬಂದ. ನೋಡುತ್ತಿದ್ದಂತೆ ತಳದ ಮಣ್ಣು ಕಪ್ಪಾಗಿ, ಒಂದು ಮೂಲೆಯಲ್ಲಿ ನೀರು ನಿಂತಿತು.

ಮಗ್ಗುಲಲ್ಲೇ ವೀರವ್ವನ ಗಂಡನ ಗದ್ದುಗೆ. ಅದಕ್ಕೂ ಕುಣಿ ತೋಡಿದವನು ಫಕ್ರುಸಾಬನೇ. ಆಗ ಹಾರೆ ಹಾಕಿದಲ್ಲೆಲ್ಲ ಧೂಳು ಏಳುತ್ತಿತ್ತು. ತನ್ನನ್ನೂ ಅಲ್ಲೇ ಕೂಡಿಸಬೇಕೆಂದು ವೀರವ್ವ ಮಗಳಿಗೆ ಎಷ್ಟೋ ಸಲ ಹೇಳಿದ್ದಳು.

ಅವನು ಮನೆಗೆ ಬಂದಾಗ ಪಡಸಾಲೆಯಲ್ಲಿ ಭಜನೆ ನಡೆದಿತ್ತು. ವಿಭೂತಿ ಹಚ್ಚಿ, ಹೂವಿನ ನಡುವೆ ವೀರವ್ವನನ್ನು ಗೋಡೆಗೆ ಆನಿಸಿ ಕೂಡಿಸಿದ್ದರು. ಹಿರೇಕೆರೂರಿನಲ್ಲಿ ಹೊಲಿಗೆ ಅಂಗಡಿ ಇಟ್ಟಿರುವ ಮಗಳು ತನುಜಾ ಕಾಲ ಬುಡದಲ್ಲಿದ್ದಳು.

“ತನುಜವ್ವ, ಕುಣ್ಯಾಗ ನೀರ ಬಂದಾವ,” ಎಂದ ಫಕ್ರುಸಾಬ ಮೆಲ್ಲಗೆ. “ಇಂಗುಕೆರಿ ನೀರು. ಅಲ್ಲಿ ಕೂಡಸಾಕ ಬರಂಗಿಲ್ಲ.”

ತನುಜಾ ತಾಯಿಯ ಮುಖ ನೋಡಿದಳು. “ನೀನ ತಂದ ನೀರು, ನಿನ್ನ ಜಾಗಾನ ಕಸಗೊಂಡಾವಲ್ಲಬೇ,” ಎಂದಳು.

*

ವೀರವ್ವ ಪಂಚಾಯ್ತಿ ಸದಸ್ಯೆಯಾಗಿದ್ದ ಕಾಲಕ್ಕೆ ಊರಿಗೆ ಸರ್ಕಾರದ ಹಣವೊಂದು ಬಂದಿತ್ತು. ನೆಲದೊಳಗೆ ನೀರು ಎಲ್ಲಿದೆ ಎಂದು ನಕ್ಷೆ ಮಾಡಿಸಬಹುದು. ಅಳತೆಗೆಂದೇ ಕೊಳವೆಬಾವಿ ಕೊರೆದು ತಿಂಗಳು ತಿಂಗಳು ಮಟ್ಟ ನೋಡಬಹುದು. ಬೇಡವೆಂದರೆ ಅದೇ ಹಣಕ್ಕೆ ಇನ್ನೊಂದು ಬೋರ್ ಹಾಕಿಸಬಹುದಿತ್ತು. ಸುಡು ಬೇಸಿಗೆ. ಟ್ಯಾಂಕರ್ ಬಂದರೆ ಕೊಡಕ್ಕೆ ಕೊಡ ತಾಗಿ ಜಗಳವಾಗುತ್ತಿತ್ತು. ಗ್ರಾಮಸಭೆಯಲ್ಲಿ ಜನವೆಲ್ಲ ಬೋರ್ ಕೇಳಿದರು.

ವೀರವ್ವ ಎದ್ದು ನಿಂತಳು. ಪಂಚಾಯ್ತಿಯವರು ಶಾಲೆಯ ಹತ್ತಿರ ಹಿಂದೆ ಹೊಡೆಸಿದ ಬೋರಿನಿಂದ ಫಕ್ರುಸಾಬನ ಹೊಲದ ಬೋರ್ ಬತ್ತಿದ್ದನ್ನೂ, ಮರುವರ್ಷ ಆ ಹೊಸದೂ ಬತ್ತಿದ್ದನ್ನೂ ನೆನಪಿಸಿದಳು.

“ಕಣ್ಣ ಕಟಗೊಂಡು ಇನ್ನ ಎಷ್ಟ ತೂತ ಹೊಡಿಯೋದ್ರಿ? ಒಮ್ಮೆರ ಕಣ್ಣ ಬಿಟ್ಟು ನೋಡೂಣು.”

ಉಳಿದ ಸದಸ್ಯರು ಕೈ ಎತ್ತಿದಾಗ ಎರಡೂ ಕಡೆ ಸಮವಾಯಿತು. ಕೊನೆಗೆ ಎದ್ದ ವೀರವ್ವನ ಕೈಯಿಂದ ನಕ್ಷೆ ಗೆದ್ದಿತು.

ಹಾವೇರಿಯಿಂದ ಸಂಪದಾ ಎಂಬ ಭೂವಿಜ್ಞಾನಿ ಬಂದು ಹೊಲ ಹೊಲ ತಿರುಗಿದಳು. ನೀರು ಇಂಗುವಲ್ಲಿ ನೀಲಿ, ಬರೀ ಬಂಡೆಯಿರುವಲ್ಲಿ ಕೆಂಪು ಬಳಿದು ನಕ್ಷೆಯನ್ನು ಪಂಚಾಯ್ತಿ ಗೋಡೆಗೆ ಬರೆಸಿದರು. ಅಷ್ಟರಲ್ಲಿ ಚುನಾವಣೆ ಬಂತು. ವೀರವ್ವನ ಹೊಲಕ್ಕೆ ಹೊಂದಿದ ಮೇಲಿನ ಹೊಲದ ಪರಮೇಶಪ್ಪ ಅವಳಿಗೆ ಎದುರು ನಿಂತ. ನೀರು ಬೇಡಿದರೆ ಚಿತ್ರ ಕೊಟ್ಟವಳು ಎಂದು ಮನೆ ಮನೆಗೆ ಹೇಳಿದ. ಅವಳದೇ ಓಣಿಯವರೂ ಅವಳಿಗೆ ಓಟು ಹಾಕಲಿಲ್ಲ. ನಕ್ಷೆ ವೀರವ್ವ ಎಂಬ ಹೆಸರು ಮಾತ್ರ ಉಳಿಯಿತು. ಸಂತೆಗೆ ಹೋಗುವುದನ್ನೂ ಅವಳು ಬಿಟ್ಟಳು.

ಮರುವರ್ಷ ಮಳೆಗಾಲಕ್ಕೆ ಮುಂಚೆ ಸಂಪದಾ ಮತ್ತೆ ಬಂದಳು. ಮಳೆನೀರು ನಿಲ್ಲಿಸಿ ನೆಲಕ್ಕೆ ಇಂಗಿಸುವ ಇಂಗುಕೆರೆ ತೆಗೆಯಲು ನಕ್ಷೆಯಲ್ಲಿ ಸರಿಯಾದ ಜಾಗ ಒಂದೇ ಇತ್ತು: ವೀರವ್ವನ ಹೊಲದ ಮೇಲಿನ ತುದಿ. ಅಲ್ಲಿ ಮೆಕ್ಕೆಜೋಳ ಆಳೆತ್ತರ ಬೆಳೆಯುತ್ತಿತ್ತು. ತನ್ನನ್ನು ಸೋಲಿಸಿದ ಊರಿಗಾಗಿ ಹೊಲ ಕೊಡುವುದು ವೀರವ್ವನಿಗೆ ಸುಲಭವಾಗಿರಲಿಲ್ಲ. ಆದರೂ ಚಪ್ಪಲಿ ಮೆಟ್ಟಿಕೊಂಡು, “ನಡೀವಾ, ಎಲ್ಲಿಂದ ಎಲ್ಲೀತನಾ ಬೇಕು, ತೋರ್ಸು,” ಎಂದಳು.

ಮುಂದಿನ ವರ್ಷಗಳಲ್ಲಿ ಫಕ್ರುಸಾಬನ ಸತ್ತ ಬೋರ್ ಮತ್ತೆ ನೀರು ಕೊಟ್ಟಿತು. ಬರಬರುತ್ತ ಟ್ಯಾಂಕರ್ ಬರುವುದು ನಿಂತಿತು. ಬೋರ್ ಹಾಕಿಸುವವರು ಮೊದಲು ಪಂಚಾಯ್ತಿ ಗೋಡೆಯ ಮುಂದೆ ನಿಂತು ನೋಡತೊಡಗಿದರು.

*

ಪರಮೇಶಪ್ಪ ಈಗ ಪಂಚಾಯ್ತಿ ಅಧ್ಯಕ್ಷ. ಸರ್ಕಾರದ ಯೋಜನೆ ಈ ಮಾರ್ಚಿಗೆ ಮುಗಿಯುತ್ತದೆ, ನೀರಿನ ಮಟ್ಟದ ಅಳತೆ ಮುಂದುವರಿಸಲು ಹಣವಿಲ್ಲ ಎಂದು ಹೋದ ವಾರವಷ್ಟೇ ಸಭೆಯಲ್ಲಿ ಹೇಳಿದ್ದ. ಕುಣಿಯಲ್ಲಿ ನೀರು ಬಂದ ಸುದ್ದಿ ಕೇಳಿ ಹೊಲಕ್ಕೆ ಬಂದವನು ಅದರ ದಂಡೆಯಲ್ಲಿ ಕುಕ್ಕರುಗಾಲಲ್ಲಿ ಕುಳಿತು ಒಳಗೆ ನೋಡಿದ. ಕಲ್ಲು ತುಂಬಿ ಎತ್ತರಿಸಿದರಾಯಿತು ಎಂದರು ಯಾರೋ. ಹೊತ್ತು ಮುಳುಗುವುದರೊಳಗೆ ಆಗಬೇಕು ಎಂದರು ಕ್ರಿಯೆ ಮಾಡಿಸಲು ಬಂದಿದ್ದ ಅಯ್ಯನವರು. ವೀರವ್ವನ ಇಡೀ ಹೊಲ ಕೆರೆಯ ಕೆಳಗೇ ಇತ್ತು. ಒಣ ನೆಲವಿದ್ದದ್ದು ಬದುವಿನ ಆಚೆ.

ಪರಮೇಶಪ್ಪ ಎದ್ದು ಫಕ್ರುಸಾಬನ ಕೈಯಿಂದ ಗುದ್ದಲಿ ಇಸಿದುಕೊಂಡ. ಬದು ದಾಟಿ, ತನ್ನ ಹೊಲದ ಬೇವಿನ ಗಿಡದ ನೆರಳಲ್ಲಿ ನಿಂತ.

“ಇಲ್ಲಿ ತೋಡೂಣು. ಇಲ್ಲಿಂದ ವೀರವ್ವಗ ಅಣ್ಣಾರ ಗದ್ದಿಗಿ ಕಾಣತೈತಿ,” ಎಂದು ಮೊದಲ ಏಟು ತಾನೇ ಹಾಕಿದ.

ಮಣ್ಣು ಕೊಟ್ಟಾದ ಮೇಲೆ ಜನ ಚದುರತೊಡಗಿದರು. ತನುಜಾ ಪರಮೇಶಪ್ಪನ ಹತ್ತಿರ ಬಂದಳು.

“ಕಾಕಾ, ಅವ್ವಗ ಜಾಗಾ ಕೊಟ್ರಿ, ಭಾಳ ಆತು. ಇನ್ನೊಂದು ಕೇಳ್ತೇನಿ. ಅಳತಿ ನಿಲ್ಲಸಬ್ಯಾಡ್ರಿ.”

ಪರಮೇಶಪ್ಪ ಕೈಯ ಮಣ್ಣು ಕೊಡವಿದ.

“ಸರ್ಕಾರ ಕೊಟ್ರ ಛಲೋ, ನಾನೂ ಹಾವೇರಿಗೆ ಹೋಗಿ ಕೇಳ್ತೇನಿ. ಕೊಡಲಿಲ್ಲಂದ್ರ ಪಂಚಾಯ್ತಿ ತೆರಿಗಿ ರೊಕ್ಕದಾಗ ನಡಸ್ತೇವಿ. ಈ ಸಲ ಮೊದಲ ನನ್ನ ಕೈ ಏಳತೈತಿ, ತಂಗಿ.”

ಮನೆಗೆ ಹೋಗುವ ಮುನ್ನ ಕೈಕಾಲು ತೊಳೆಯಲು ಎಲ್ಲರೂ ದಾರಿಯ ಸೇದುವ ಬಾವಿಗೆ ಬಂದರು. ಪರಮೇಶಪ್ಪ ಕೊಡಕ್ಕೆ ಹಗ್ಗ ಬಿಗಿದು ಒಳಗೆ ಬಿಟ್ಟ. ಹಳೆಯ ರೂಢಿಯಂತೆ ಹಗ್ಗ ಇನ್ನೂ ಬಿಡಲು ಕೈ ಸಡಿಲಿಸಿದ್ದ. ಅಷ್ಟರಲ್ಲೇ ಕೊಡ ನೀರಿಗೆ ಬಡಿದ ಸದ್ದು ಕೇಳಿತು. ತುಂಬಿದ ಕೊಡ ಎಳೆದು ಅವನು ತನುಜಾಳ ಬೊಗಸೆಗೆ ನೀರು ಸುರಿದ. ಮಿಕ್ಕ ಹಗ್ಗ ಸುರುಳಿಯೂ ಬಿಚ್ಚದೆ ಅವನ ಕಾಲ ಬಳಿ ಒಣಗಿಯೇ ಬಿದ್ದಿತ್ತು.