ಸೌನಾಕ್ಕೆ ಹೊರಟ ದಮಯಂತಕ್ಕ

ಕುದ್ರೋಳಿಯ ತಿರುವಿನಲ್ಲಿ ಮೀನು ಮಾರುವ ದಮಯಂತಕ್ಕನ ಕಾಲು ಅಂದು ನೆಲದ ಮೇಲಿರಲಿಲ್ಲ. ಮಗಳು ಮಾನ್ಯಾ ಕೊಡಿಯಾಲ್‌ಬೈಲಿನ ವೆಲ್‌ನೆಸ್ ಸ್ಟುಡಿಯೋದಲ್ಲಿ ಅಮ್ಮನಿಗಾಗಿ ಇನ್‌ಫ್ರಾರೆಡ್ ಸೌನಾ ಬುಕ್ ಮಾಡಿದ್ದಳು. ಮರದ ಪುಟ್ಟ ಕೋಣೆ. ಒಳಗೆ ಬೆಂಕಿಯಿಲ್ಲ, ಹಬೆಯಿಲ್ಲ. ಕಣ್ಣಿಗೆ ಕಾಣದ ಕಿರಣಗಳಿಂದ ಮೈ ಬಿಸಿಯಾಗಿ ಬೆವರಿಳಿಯುತ್ತದೆ, ಬಿಗಿದ ಸೊಂಟಕ್ಕೆ ಹಿತವಾಗುತ್ತದೆ.

"ಮಂಗಳೂರಿನಲ್ಲಿ ಬೆವರಲಿಕ್ಕೆ ಸ್ಟುಡಿಯೋಕ್ಕೆ ಹೋಗ್ಬೇಕಾ ಮಾರಾಯ್ತಿ?" ಗಂಡ ಅಂಗಾರ ನಕ್ಕ.

"ನೀವು ಸುಮ್ಮನಿರಿ. ನನಗೆ ಒಮ್ಮೆ ನೋಡ್ಬೇಕು."

ಮೀನೆಲ್ಲ ಮಾರಿ, ಮಿಂದು, ಮಲ್ಲಿಗೆ ಮುಡಿದು ದಮಯಂತಕ್ಕ ರಿಕ್ಷಾ ಹತ್ತಿದಳು. ಜೊತೆಗೆ ರುಖಿಯಾ. ತಿರುವಿನಲ್ಲೇ ಬಟ್ಟೆ ಅಂಗಡಿ ಇರುವವಳು, ಗಂಡನೊಡನೆ ಸೌದಿಯ ದಮ್ಮಾಮಿನಲ್ಲಿದ್ದು ಬಂದವಳು.

"ಅಕ್ಕ, ಬೆಳಿಗ್ಗೆಯಿಂದ ನೀರು ಕುಡಿದಿದ್ದೀರಾ?"

"ಮೀನಿಗೆ ಕೂತ ಮೇಲೆ ನಾನು ನೀರು ಮುಟ್ಟುವುದಿಲ್ಲ. ಕುಡಿದ್ರೆ ಹೋಗ್ಲಿಕ್ಕೆ ಜಾಗ ಎಲ್ಲಿ ಉಂಟು?"

ಸ್ಟುಡಿಯೋದಲ್ಲಿ ಸಫಾ ಎಂಬ ಹುಡುಗಿ ವಿಚಾರಿಸಿದಳು. "ಆಂಟಿ, ಬಿಪಿ, ಶುಗರ್ ಎಂತದಾದ್ರೂ ಉಂಟಾ? ನೀರು ಕುಡಿದಿದ್ದೀರಾ?"

"ಎಂತ ಇಲ್ಲ. ನೀರು ಬೇಕಾದಷ್ಟು ಕುಡಿದಿದ್ದೇನೆ." ಎಲ್ಲಿ ವಾಪಸ್ ಕಳಿಸುತ್ತಾರೋ ಎಂಬ ಹೆದರಿಕೆ ದಮಯಂತಕ್ಕನಿಗೆ.

"ಸುಳ್ಳು ಬೇಡ ಅಕ್ಕ. ಬಿಪಿ ಮಾತ್ರೆ ದಿನಾ ನುಂಗ್ತೀರಿ," ಎಂದಳು ರುಖಿಯಾ.

ಸಫಾ ಬಾಗಿಲು ತೆರೆಯಲಿಲ್ಲ. "ಡಾಕ್ಟ್ರನ್ನು ಕೇಳಿ ಬನ್ನಿ ಆಂಟಿ. ನಿಮ್ಮ ಬುಕಿಂಗ್ ಎಲ್ಲಿಗೂ ಹೋಗುವುದಿಲ್ಲ."

ಹಿಂದಿರುಗುವಾಗ ದಮಯಂತಕ್ಕ ಮುಖ ಊದಿಸಿಕೊಂಡೇ ಕೂತಳು. "ದಿನವಿಡೀ ಬಿಸಿಲಲ್ಲಿ ಕೂರುವವಳು ನಾನು. ನನಗೆ ಎಂತ ಆಗ್ತದೆ?"

"ಬಿಸಿಲಿಗೆ ಹೆದರದವರೇ ದಮ್ಮಾಮಿನಲ್ಲಿ ಬಿದ್ದದ್ದು, ನಾನೇ ನೋಡಿದ್ದೇನೆ. ಮೊದಲೇ ಬಿಪಿ ಮಾತ್ರೆ. ಮೈಯಲ್ಲಿ ನೀರಿಲ್ಲದೆ ಬೆವರು ಸುರಿದ್ರೆ ತಲೆ ತಿರುಗ್ತದೆ. ಆ ಕೋಣೆಯಲ್ಲಿ ಒಬ್ಬರೇ ಬಿದ್ದಿದ್ರೆ ಮಾನ್ಯಾಳಿಗೆ ನಾನು ಎಂತ ಹೇಳ್ಬೇಕಿತ್ತು?"

ದಮಯಂತಕ್ಕ ಮುಡಿದ ಮಲ್ಲಿಗೆಯನ್ನು ಸರಿಮಾಡಿಕೊಂಡಳು.

"ನಮ್ಮ ಅಂಗಡಿಯ ಹಿಂದೆ ಬಾತ್‌ರೂಮ್ ಉಂಟಲ್ಲ ಅಕ್ಕ."

"ಮೀನಿನ ಕೈ ನನ್ನದು. ಬಟ್ಟೆ ಅಂಗಡಿಯೊಳಗೆ ಹೇಗೆ ಬರುವುದು?"

"ಇದಕ್ಕೇ ಇಷ್ಟು ವರ್ಷ ಬಾಯಾರಿ ಕೂತದ್ದಾ?" ರುಖಿಯಾಳ ಕಣ್ಣು ತುಂಬಿತು. ಮರುದಿನ ಹಿಂಬಾಗಿಲಿನ ಒಂದು ಕೀ ದಮಯಂತಕ್ಕನ ಸೊಂಟಕ್ಕೆ ಸಿಕ್ಕಿಸಿದಳು.

ಡಾಕ್ಟರು ಬಿಪಿ ನೋಡಿ ಒಪ್ಪಿದರು. ಬಿಸಿ ಕಡಿಮೆ ಇರಲಿ, ಸ್ವಲ್ಪ ಹೊತ್ತು ಸಾಕು, ಹೊರಗೆ ಒಬ್ಬರು ಇರಲಿ, ತಲೆ ಸುತ್ತಿದರೆ ತಕ್ಷಣ ಎದ್ದು ಬನ್ನಿ, ಮಾತ್ರೆ ಮಾತ್ರ ಬಿಡಬೇಡಿ ಎಂದರು.

ಈ ಸಲ ಬಾಗಿಲು ತೆರೆಯಿತು. ಹೊರಬಂದ ದಮಯಂತಕ್ಕನ ಮುಖ ನೋಡಬೇಕಿತ್ತು. "ರುಖಿಯಾ, ಸೊಂಟ ಹಗುರ ಆಯ್ತು. ಒಳಗೆ ಹಾಡು ಸಹ ಹಾಕ್ತಾರೆ. ಸುಮ್ಮನೆ ಕೂತು ಬೆವರಿದ್ದು ನನ್ನ ಜನ್ಮದಲ್ಲಿ ಇದೇ ಮೊದಲು."

ಮನೆಯಲ್ಲಿ ಅಂಗಾರ ಮೆಲ್ಲನೆ ಕೇಳಿದ. "ನನ್ನನ್ನು ಯಾವಾಗ ಕರ್ಕೊಂಡು ಹೋಗ್ತೀ?"

"ಮೊದಲು ಡಾಕ್ಟ್ರ ಹತ್ರ. ಈಗ ಇದು ಕುಡೀರಿ," ಎಂದು ನೀರಿನ ಬಾಟಲಿ ಮುಂದಿಟ್ಟಳು.

ಅಕ್ಕತಂಗಿಯರೇ, ಸೌನಾ ಮೈಗೊಂದು ಸುಖ, ಅದು ಕಾಯಿಲೆಗೆ ಮದ್ದಲ್ಲ. ಬಿಪಿ, ಶುಗರ್, ಹೃದಯದ ತೊಂದರೆ ಇದ್ದರೆ, ಬಸುರಿಯಾಗಿದ್ದರೆ, ಮೊದಲು ವೈದ್ಯರನ್ನು ಕೇಳಿ. ಕೇಳಿದವರಿಗೆ ನಿಜ ಹೇಳಿ. ನೀರು ಕುಡಿದು ಹೋಗಿ, ಬಂದ ಮೇಲೂ ಕುಡಿಯಿರಿ. ನಿಮ್ಮ ಅಂಗಡಿಯೆದುರು ಯಾರಾದರೂ ದಿನವಿಡೀ ಬಾಯಾರಿ ಕೂತಿದ್ದರೆ, ಹಿಂಬಾಗಿಲಿನ ಒಂದು ಕೀ ಅವರಿಗೂ ಕೊಡಿ.